ಹೊಳಲ್ಕೆರೆಗೆ ಬಂದ ಒಗೆಯೋ ಪೀಪಾಯಿ

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟು ನಿಂತರೆ ನನ್ನ ಹೆಂಡತಿ ಮೊದಲು ಮಾಡುವ ಕೆಲಸ ತಿರುಪುಳಿಯನ್ನು ಬಚ್ಚಿಡುವುದು. ರಿಪೇರಿಯವನಿಗೆ ಹೇಳಿಕಳಿಸುವುದು ಆಮೇಲೆ. ಮೊನ್ನೆ ಗೋಡೆ ಗಡಿಯಾರ ನಿಂತುಹೋಯಿತು. ನಾನು ಕುರ್ಚಿ ಹತ್ತಿ ಅದರ ಗಾಜಿನ ಬಾಗಿಲು ತೆಗೆದೆನೋ ಇಲ್ಲವೋ, ಅಡುಗೆಮನೆಯಿಂದಲೇ ಕೂಗಿದಳು: “ಇಳೀರಿ ಕೆಳಗೆ! ಅದೂ ನಿಮ್ಮ ಒಗೆಯೋ ಪೀಪಾಯಿ ಆಗೋದು ಬ್ಯಾಡ.”

ಆ ಪೀಪಾಯಿಯನ್ನು ಅವಳು ಕಣ್ಣಾರೆ ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ, ನಾನೂ ಒಂದು ಕಾಲಕ್ಕೆ ಯಂತ್ರ ಬಿಚ್ಚಿ ಜೋಡಿಸಿದವನೇ ಅಂತ ಜಂಬ ಕೊಚ್ಚಲು ಹೋಗಿ ನಾನೇ ಹೇಳಿದ್ದೆ. ಹೆಂಡತಿಗೆ ಹೇಳಬಾರದ ಕಥೆಗಳೂ ಇರುತ್ತವೆ ಅನ್ನುವುದು ಆಗ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಆ ಒಂದು ಕಥೆಯನ್ನು ಹಿಡಿದುಕೊಂಡು ನನ್ನ ಕೈ ಕಟ್ಟಿಹಾಕಿದ್ದಾಳೆ. ನಿಮಗೂ ಹೇಳಿಬಿಡುತ್ತೇನೆ. ಗಡಿಯಾರವಂತೂ ನಿಂತಿದೆ, ಹೊತ್ತಾಯಿತು ಅಂತ ಯಾರೂ ಏಳುವ ಹಾಗಿಲ್ಲ.

ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ಚಿತ್ರದುರ್ಗದಲ್ಲಿ ಪರೀಕ್ಷೆಗೆ ಕೂತು, ಲೆಕ್ಕದಲ್ಲಿ ಎರಡು ಸಲ ನಪಾಸಾಗಿ, ಹೊಳಲ್ಕೆರೆಯ ಮನೆಗೆ ಬಂದು ಬಿದ್ದಿದ್ದೆ. ಅಪ್ಪನಿಗೆ ಪೇಟೆಬೀದಿಯಲ್ಲಿ ಕೊಬ್ಬರಿ, ಹತ್ತಿಯ ವ್ಯಾಪಾರ. ನನ್ನನ್ನು ಅಂಗಡಿಯಲ್ಲಿ ಕೂರಿಸಲು ಅವನಿಗೆ ಧೈರ್ಯವಿರಲಿಲ್ಲ. ಲೆಕ್ಕದಲ್ಲಿ ನಪಾಸಾದವನನ್ನು ತಕ್ಕಡಿ ಮುಂದೆ ಕೂರಿಸುವವರು ಯಾರು? ಹಾಗಾಗಿ ಹೊತ್ತುಹೊತ್ತಿಗೆ ಉಂಡು, ಶಾಲೆಯ ಪುಸ್ತಕದಲ್ಲಿ ಓದಿದ ಸನ್ನೆಕೋಲು, ರಾಟೆ, ತಿರುಪು ಇವುಗಳ ವಿಷಯ ಅಜ್ಜಿಗೆ ಪಾಠ ಹೇಳುತ್ತಾ ಕಾಲ ಕಳೆಯುತ್ತಿದ್ದೆ. ಅಜ್ಜಿ ಅಂದರೆ ಅಪ್ಪನ ತಾಯಿ. ಅವಳಿಗೆ ಪಕ್ಕದ ಬೀದಿಯ ಪಿಸುಮಾತೂ ಕೇಳಿಸುತ್ತಿತ್ತು, ನನ್ನ ಪಾಠ ಶುರುವಾದ ಕೂಡಲೇ ಮಾತ್ರ ಕಿವುಡಾಗುತ್ತಿದ್ದಳು.

ಮಾರಿಕಣಿವೆಯ ಅಣೆಕಟ್ಟೆ ಕೆಲಸ ಮುಗಿದು, ಅಲ್ಲಿದ್ದ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಹತ್ತಿ ನೋಡಲು ಹಿರಿಯೂರಿಗೆ ಹೋಗಿದ್ದ ಅಪ್ಪ, ಯಾರೋ ಇಂಜಿನಿಯರ್ ದೊರೆಯ ಬಂಗಲೆ ಸಾಮಾನು ಹರಾಜಾಗುವ ಕಡೆ ಸುಮ್ಮನೆ ನಿಂತುಕೊಂಡಿದ್ದಾನೆ. ಕುರ್ಚಿ ಹೋಯಿತು, ಲಾಟೀನು ಹೋಯಿತು. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಮೂರು ಕಾಲಿನ ಮೇಲೆ ನಿಂತ ಒಂದು ಮರದ ಪೀಪಾಯಿ. ದೊರೆಯ ಬಟ್ಲರು ಅದರ ಹಿಡಿ ಹಿಡಿದು ಗರಗರ ತಿರುವಿ, “ಇದು ಬಟ್ಟೆ ಒಗೀತದೆ ಸ್ವಾಮಿ” ಅಂದನಂತೆ. ಅಪ್ಪ ಹತ್ತಿ ಮರೆತು ಅದನ್ನು ಗಾಡಿಗೆ ಹಾಕಿಸಿದ.

ಹಿರಿಯೂರಿನಿಂದ ದುರ್ಗದ ಮೇಲೆ ಹಾದು ಹೊಳಲ್ಕೆರೆ ಮುಟ್ಟಲು ಗಾಡಿಗೆ ಮೂರು ದಿನ ಹಿಡಿಯಿತು. ಎರಡೇ ದಿನದ ದಾರಿ. ಊರೂರಲ್ಲೂ ಜನ ಗಾಡಿ ನಿಲ್ಲಿಸಿ “ಇದೇನ್ರಿ, ಮಜ್ಜಿಗೆ ಕಡೆಯೋದಾ?” ಅಂತ ಕೇಳುವವರೇ. ದುರ್ಗದಲ್ಲಿ ಒಬ್ಬ ಮುದುಕ ಮುಚ್ಚಳ ಎತ್ತಿ ಒಳಗೆಲ್ಲ ಕೈಯಾಡಿಸಿ, “ಇದ್ರಾಗೆ ಏನೂ ಇಲ್ವಲ್ಲೋ” ಅಂತ ಬಹಳ ಬೇಜಾರು ಮಾಡಿಕೊಂಡನಂತೆ. ಒಳಗೆ ಇದ್ದದ್ದು ಮುಚ್ಚಳದ ಅಡಿಗೆ ಕೂಡಿಸಿದ ಒಂದು ಮಣೆ, ಮಣೆಗೆ ನಾಲ್ಕು ಮರದ ಗೂಟ. ಮುಚ್ಚಳದ ಮೇಲೆ ಹಲ್ಲಿರುವ ಎರಡು ಚಕ್ರ, ಒಂದು ಹಿಡಿ. ಹಿಡಿ ತಿರುವಿದರೆ ಗೂಟದ ಮಣೆ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ಹೊರಳಿ ನೀರಿನಲ್ಲಿರುವ ಬಟ್ಟೆಯನ್ನು ಕುಲುಕುತ್ತಿತ್ತು. ಅಷ್ಟೇ ಅದರ ವಿದ್ಯೆ.

ಅಪ್ಪ ಅದನ್ನು ತಂದದ್ದು ಅವ್ವನ ಕೈಗೋಸ್ಕರ. ಒಂದು ವರ್ಷದಿಂದ ಅವ್ವನ ಅಂಗೈ, ಬೆರಳ ಸಂದು ಎಲ್ಲಾ ಬಿರುಕು ಬಿಟ್ಟಿದ್ದವು. ರೊಟ್ಟಿ ತಟ್ಟುವಾಗ ‘ಸ್’ ಅನ್ನುತ್ತಿದ್ದಳು. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಉಂಡೇಳುತ್ತಿದ್ದ, ಬಾಯಿಬಿಟ್ಟು ಪ್ರೀತಿ ಹೇಳುವ ಪೈಕಿ ಅಲ್ಲ. ಪೀಪಾಯಿಯನ್ನು ಹಿತ್ತಿಲಲ್ಲಿ ಇಳಿಸಿ, “ತಗಾ, ಇನ್ಮ್ಯಾಲೆ ಬಟ್ಟೆ ಒಗೆಯೋ ಚೌಳು ನೀರಿಗೆ ಕೈ ಅದ್ದಬ್ಯಾಡ” ಅಂದ. ಅವ್ವನ ಮುಖ ಅರಳಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ಬರೋ ತಿಂಗ್ಳು ಸ್ವಾಮಿಗಳು ಪಾದಪೂಜೆಗೆ ಬರ್ತಾರೆ. ಅದು ಮುಗಿಯೋ ತನಕ ಇದು ಸರಿಯಾಗಿ ಓಡಿದ್ರೆ, ಯುಗಾದಿಯಿಂದ ಹನುಮಕ್ಕಂಗೆ ಬರಬ್ಯಾಡ ಅಂದ್ಬಿಡಾಣ. ವರ್ಷಕ್ಕೆ ಅಷ್ಟು ಕಾಳು ಯಾಕೆ ಅಳೀಬೇಕು?” ಅಂದ. ಅವ್ವನ ಮುಖ ಬಾಡಿಹೋಯಿತು.

ಹನುಮಕ್ಕ ನಮ್ಮ ಮನೆಯ ಮಡಿವಾಳಗಿತ್ತಿ. ದಿನದ ಸಣ್ಣಪುಟ್ಟ ಬಟ್ಟೆ ಅವ್ವ ಬಾವಿಕಟ್ಟೆಯಲ್ಲಿ ಒಗೆದುಕೊಂಡರೆ, ಪಂಚೆ, ಸೀರೆ, ಜಮಖಾನ ಎಲ್ಲ ಹನುಮಕ್ಕನ ಕತ್ತೆಯ ಮೇಲೆ ಕೆರೆಗೆ ಹೋಗುತ್ತಿತ್ತು. ನಾನು ಹುಟ್ಟಿದಾಗ ನನ್ನ ಮೊದಲ ಬಟ್ಟೆ ಒಗೆದವಳು ಅವಳು, ಅದನ್ನು ಬೀದಿಯಲ್ಲಿ ನಾಲ್ಕು ಜನ ಇದ್ದಾಗಲೇ ನೆನಪಿಸುವವಳೂ ಅವಳು. ನನಗೆ ಬೇರೆ ಹೆಸರಿದ್ದರೂ ಅವಳ ಬಾಯಲ್ಲಿ ನಾನು ಯಾವಾಗಲೂ ‘ಸಣ್ಣಪ್ಪ’. ಕೇರುಕಾಯಿಯ ಅಳಿಸಿಹೋಗದ ಕರೀ ರಸದಲ್ಲಿ ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತು ಹಾಕುತ್ತಿದ್ದಳು. ನಮ್ಮದು ಮೂರು ಚುಕ್ಕೆ, ಒಂದು ಗೆರೆ. ಬೀಜಗಣಿತ ನನಗೆ ಹತ್ತದಿದ್ದರೂ ಹನುಮಕ್ಕನ ಗುರುತುಗಳನ್ನು ಇಡೀ ಹೊಳಲ್ಕೆರೆಗೆ ಓದಿ ಹೇಳಬಲ್ಲವನಾಗಿದ್ದೆ.

ಆ ವಿದ್ಯೆ ಒಂದು ಸಲ ನನ್ನ ಮಾನ ತೆಗೆಯಿತು. ಅವ್ವನ ತವರು ಹೊಸದುರ್ಗ. ಅಲ್ಲೊಂದು ಮದುವೆಗೆ ಹೋದಾಗ ಮದುಮಗನ ಕರೀ ಕೋಟು ಎಲ್ಲೋ ನೋಡಿದ ಹಾಗಿತ್ತು. ಆಶೀರ್ವಾದದ ಅಕ್ಕಿ ಹಾಕುವ ನೆಪದಲ್ಲಿ ಹತ್ತಿರ ಹೋಗಿ ಕಾಲರಿನ ಒಳಗೆ ಇಣುಕಿದೆ. ಮೂರು ಚುಕ್ಕೆ, ಒಂದು ಗೆರೆ. ನನ್ನದೇ ಪರೀಕ್ಷೆಯ ಕೋಟು! ಹನುಮಕ್ಕ ಅದೇ ಊರಿನಲ್ಲಿದ್ದ ತನ್ನ ತಂಗಿಯ ಕಡೆಯಿಂದ ಅವರಿಗೆ ಎರವಲು ಕೊಟ್ಟಿದ್ದಳು. ಮಡಿವಾಳರಲ್ಲಿ ಅದೆಲ್ಲ ನಡೆಯುತ್ತಿತ್ತು, ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಮದುಮಗ ಮಾತ್ರ ನಾನು ಅವನ ಕಿವಿಯ ಹತ್ತಿರ ಏನು ಮೂಸುತ್ತಿದ್ದೇನೆ ಅಂತ ಬೆದರಿ ಹಿಂದೆ ಸರಿದ. ಆಮೇಲೆ ಹನುಮಕ್ಕನನ್ನು ಕೇಳಿದರೆ, “ನೀನಂತೂ ಪಾಸಾಗ್ಲಿಲ್ಲ, ಕೋಟಾದ್ರೂ ಮದುವ್ಯಾಗ್ಲಿ ಬಿಡು ಸಣ್ಣಪ್ಪ” ಅಂದಳು.

ಅವಳಿಗೆ ಎಲ್ಲಕ್ಕಿಂತ ದೊಡ್ಡದು ನಡೆಮಡಿ. ಮಠದ ಸ್ವಾಮಿಗಳು ಪಾದಪೂಜೆಗೆ ಮನೆಗೆ ಬಂದರೆ ಬೀದಿಯಿಂದ ಹೊಸ್ತಿಲವರೆಗೆ ಅವರ ಪಾದ ನೆಲ ಮುಟ್ಟದ ಹಾಗೆ ಬಿಳಿ ಬಟ್ಟೆ ಹಾಸಬೇಕು. ಎರಡು ಉದ್ದನೆಯ ಬಟ್ಟೆ. ಸ್ವಾಮಿಗಳು ಒಂದರ ಮೇಲೆ ನಡೆಯುತ್ತಿರುವಾಗ ಹಿಂದಿನದನ್ನು ಎತ್ತಿ, ಬೀಸಿ, ಅವರ ಮುಂದಕ್ಕೆ ಹಾಸಬೇಕು. ಹಾಸುವುದು ಮಡಿವಾಳರ ಹಕ್ಕು. ನಡೆಮಡಿ ಯಾರು ಹಾಸುತ್ತಾರೋ ಆ ಮನೆ ಅವರದ್ದು, ಹಾಸುವುದು ತಪ್ಪಿತೋ ಮನೆಯೂ ತಪ್ಪಿದ ಹಾಗೆ. ಗಂಡ ತೀರಿಹೋದ ಮೇಲೆ, ಗಂಡುಮಕ್ಕಳಿಲ್ಲದ ಹನುಮಕ್ಕ ತಾನೇ ಸೆರಗು ಬಿಗಿದು ಹಾಸುತ್ತಿದ್ದಳು. ಆ ಹಕ್ಕನ್ನೇ ಅಪ್ಪ ಒಂದು ಪೀಪಾಯಿ ತಂದು ಹಿತ್ತಿಲಲ್ಲಿ ಇಳಿಸಿ ಕಿತ್ತುಕೊಳ್ಳಲು ಹೊರಟಿದ್ದ. ಸುದ್ದಿ ಅವಳಿಗೆ ಅದೇ ದಿನ ಮುಟ್ಟಿತು. ಬಂದಳು, ಪೀಪಾಯಿಯ ಸುತ್ತ ಒಂದು ಸುತ್ತು ಹಾಕಿ ಹೋದಳು.

ಮೊದಲ ಜಗಳ ಸೋಪಿನದ್ದು. ಪೀಪಾಯಿಯ ಜೊತೆ ದೊರೆ ಮನೆಯ ನಾಲ್ಕು ಸೋಪು, ಚಕ್ರಕ್ಕೆ ಹಚ್ಚುವ ಮೇಣದಂಥ ಎಣ್ಣೆಯ ಒಂದು ಡಬ್ಬಿ ಬಂದಿದ್ದವು. ಅಜ್ಜಿ ಎರಡನ್ನೂ ಮೂಸಿ ನೋಡಿದಳು. “ಇದು ದನದ ಕೊಬ್ಬು. ಅದೂ ಕೊಬ್ಬೇ. ಲಿಂಗಪೂಜೆಗೆ ಉಡೋ ಬಟ್ಟೆಗೆ ಕೊಬ್ಬು ಸವರ್ತೀರೇನ್ರೋ ಪಾಪಿಗಳಾ!” ಎರಡೂ ತಿಪ್ಪೆಗೆ ಹೋದವು. ಸೋಪಿಗೆ ಬದಲು ನಾವು ಪೀಪಾಯಿಗೆ ಸುರಿದದ್ದು ಒಂದು ಬುಟ್ಟಿ ಚೌಳುಮಣ್ಣು, ಕೆರೆಯಂಗಳದಿಂದ ಕೆರೆದು ತರುವ ಉಪ್ಪುಪ್ಪಾದ ಬಿಳಿ ಮಣ್ಣು. ಚಕ್ರಕ್ಕೆ ಹಚ್ಚಿದ್ದು ದೀಪದ ಹರಳೆಣ್ಣೆ. ಅಜ್ಜಿ ಪೀಪಾಯಿಯ ಹೊಟ್ಟೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, “ಈಗ ತಿರುವು” ಅಂದಳು. ನಾನು ಅಂಗಿ ತೋಳು ಮಡಿಸಿ ತಿರುವಿದೆ. ಬೀದಿಯ ಹೆಂಗಸರೆಲ್ಲ ಗೋಡೆಯ ಮೇಲಿಂದ ಇಣುಕಿದರು. ಬಟ್ಟೆಗಳು ಇದ್ದ ಕೊಳೆಯ ಜೊತೆಗೆ ಕೆರೆಯ ಮಣ್ಣನ್ನೂ ಮೆತ್ತಿಕೊಂಡು ಹೊರಗೆ ಬಂದವು.

ಮೂರನೇ ದಿನ ಯಂತ್ರ ‘ಗಕ್’ ಅಂತ ನಿಂತಿತು. ಹಿಡಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನನ್ನ ಜೀವಮಾನದ ಗಳಿಗೆ ಬಂದೇಬಿಟ್ಟಿತು ಅನ್ನಿಸಿತು. ಅಪ್ಪನ ಅಂಗಡಿಯಿಂದ ತಿರುಪುಳಿ ತಂದು ಮುಚ್ಚಳದ ಮೇಲಿದ್ದದ್ದನ್ನೆಲ್ಲ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಸನ್ನೆಕೋಲಿನ ನಿಯಮ ಮನಸ್ಸಿನಲ್ಲೇ ಹೇಳಿಕೊಂಡೆ. ಚಕ್ರದ ಹಲ್ಲುಗಳ ಸಂದಿಯಲ್ಲಿ ಕಂದುಬಣ್ಣದ ಅಂಟು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಚಾಕುವಿನಿಂದ ಕೆರೆದರೂ ಬರಲಿಲ್ಲ. ಬಿಸಿನೀರು ಸುರಿದೆ, ಬೂದಿಯಲ್ಲಿ ತಿಕ್ಕಿದೆ, ಬೈದೆ. ಅದು ಜಪ್ಪಯ್ಯ ಅನ್ನಲಿಲ್ಲ.

ಬಟ್ಟೆ ಗಂಟು ತಂದಿದ್ದ ಹನುಮಕ್ಕ ಹಿಂದೆ ನಿಂತು ನೋಡುತ್ತಿದ್ದಳಂತೆ. “ಓಡ್ತಾ ಐತೇನಪ್ಪ?” ಅಂದಳು. ಆಡಿಕೊಳ್ಳುತ್ತಿದ್ದಾಳೆ ಅಂತ ನನಗೆ ಸಿಟ್ಟು ಬಂತು. ಅವಳು ಬಗ್ಗಿ, ಚಕ್ರವನ್ನು ಎಡಗೈ ಉಗುರಿನಿಂದ ಕೆರೆದು ಮೂಸಿದಳು. “ಚೌಳು, ಹಳ್ಳೆಣ್ಣೆ ಎರಡೂ ಕೂಡಿದ್ರೆ ಅಂಟಲ್ದೆ ಇನ್ನೇನಾಗ್ತೈತೆ? ಹುಣಸೆಹಣ್ಣು ಕಿವುಚಿ ಬಿಸಿ ಮಾಡಿ ಹುಯ್ಯಿ, ಬಿಟ್ಕಳ್ತೈತೆ. ಮಣ್ಣು ತಂದು ಸುರೀತಾರೇನೋ ಹುಚ್ಚಪ್ಪ? ರಾತ್ರಿ ನೀರಾಗೆ ನೆನೆ ಹಾಕಿ, ಬೆಳಿಗ್ಗೆ ಮ್ಯಾಗಿನ ತಿಳಿ ಅಷ್ಟೇ ಹಾಕ್ಬೇಕು.” ಹಾಗೇ ಮಾಡಿದೆ. ಅಂಟು ಬಿಟ್ಟುಕೊಂಡಿತು, ಚಕ್ರ ತಿರುಗಿತು, ಬಟ್ಟೆ ಬೆಳ್ಳಗಾಯಿತು. ಎಲ್ಲ ಜೋಡಿಸಿದ ಮೇಲೆ ಜಗಲಿಯ ಮೇಲೆ ಎರಡು ತಿರುಪು ಮಿಕ್ಕಿದ್ದವು, ಅವನ್ನು ಯಾರೂ ನೋಡದ ಹಾಗೆ ಜೇಬಿಗೆ ಹಾಕಿಕೊಂಡೆ.

“ಅವಳ ಮಾತು ಯಾಕೆ ಕೇಳ್ತೀಯ ಲೇ?” ಅಂದ ಅಪ್ಪ. “ಅವಳ ಅನ್ನಕ್ಕೆ ಕಲ್ಲು ಬಿದ್ದಿರೋದು ಇದರಿಂದ. ಅವಳ್ಯಾಕೆ ಇದನ್ನ ಸರಿಮಾಡಾಕೆ ಹೇಳ್ತಾಳೆ? ಏನೋ ಐತೆ ಇದ್ರಾಗೆ. ಹತ್ರ ಬಿಡಬ್ಯಾಡ.” ನನಗೂ ಹೌದಲ್ಲ ಅನ್ನಿಸಿತು. ಅವ್ವ ಮಾತ್ರ ಅವತ್ತು ನನ್ನ ಕಡೆ ಬಿರುಗಣ್ಣು ಬಿಟ್ಟು ನೋಡಿದಳು. ಮಗ ಮೊದಲ ಸಲ ಒಂದು ಕೆಲಸ ಮಾಡಿ ಮುಗಿಸಿದ್ದಕ್ಕೆ ತಾಯಿಗೆ ಇಷ್ಟು ಕೋಪವೇ ಅಂತ ನೊಂದುಕೊಂಡು, ರಾತ್ರಿ ಒಂದು ರೊಟ್ಟಿ ಕಮ್ಮಿ ತಿಂದೆ.

ಎರಡು ದಿನ ಆಗಲಿಲ್ಲ, ಯಂತ್ರ ಮತ್ತೆ ಕೆಟ್ಟಿತು. ಈ ಸಲದ ರೋಗವೇ ಬೇರೆ. ಹಿಡಿ ತಿರುಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಹಿಡಿಯನ್ನೂ ಚಕ್ರವನ್ನೂ ಸೇರಿಸಿ ಹಿಡಿದಿಡುವ ಬೆರಳುದ್ದದ ಒಂದು ಕೀಲು ಇತ್ತು, ಅದೇ ಇರಲಿಲ್ಲ. ಜೇಬಿನಲ್ಲಿದ್ದ ಎರಡು ತಿರುಪು ನೆನಪಾದವು. ಎಲ್ಲ ನನ್ನ ಜೋಡಣೆಯ ಪ್ರತಾಪ ಅಂದುಕೊಂಡು ಕಮ್ಮಾರ ಆಚಾರಿಯ ಹತ್ತಿರ ಓಡಿ ಹೊಸ ಕೀಲು ಮಾಡಿಸಿ ತಂದು ಬಡಿದು ಕೂರಿಸಿದೆ. ಮಾರನೆಯ ದಿನ ಅದೂ ಇಲ್ಲ.

ಇನ್ನು ನಡೆದದ್ದು ಹೇಳಿದರೆ ನೀವು ನಂಬುವುದಿಲ್ಲ. ಅದರ ಮಾರನೆಯ ದಿನ ಮಧ್ಯಾಹ್ನ ಹೋಗಿ ನೋಡಿದರೆ ಯಂತ್ರದಲ್ಲಿ ಕೀಲು ಇದೆ! ಕಬ್ಬಿಣದ್ದಲ್ಲ, ಜಾಲಿ ಕಟ್ಟಿಗೆಯನ್ನು ನಯವಾಗಿ ಕೆತ್ತಿ ಮಾಡಿದ್ದು. ನಾನು ಹಾಕಿದ್ದಲ್ಲ, ಆಚಾರಿ ಹಾಕಿದ್ದಲ್ಲ. ಹಿಡಿ ತಿರುವಿದರೆ ಸೊಗಸಾಗಿ ಓಡಿತು. “ನಾನು ಹಚ್ಚಿದ ವಿಭೂತಿ ಸುಮ್ನೆ ಆಗ್ತೈತೇನೋ?” ಅಂದಳು ಅಜ್ಜಿ. ಸಂಜೆಗೆ ಆ ಕೀಲೂ ಮಾಯ. ಕೆಡುವ ಯಂತ್ರ ನೀವು ನೋಡಿರಬಹುದು. ತಾನೇ ಸರಿಹೋಗಿ ತಾನೇ ಕೆಡುವ ಯಂತ್ರವನ್ನು ಯಾರಾದರೂ ನೋಡಿದ್ದೀರಾ? ನನ್ನ ಪುಸ್ತಕದಲ್ಲಿ ಇದಕ್ಕೆ ಯಾವ ನಿಯಮವೂ ಇರಲಿಲ್ಲ.

ಅಪ್ಪನಿಗೆ ನಿಯಮ ಬೇಕಿರಲಿಲ್ಲ. “ಹಿತ್ತಿಲಿಗೆ ಬಂದು ಹೋಗೋ ಹೊರಗಿನೋರು ಯಾರು? ಹನುಮಕ್ಕ ಒಬ್ಳೇ. ಅವಳಲ್ದೆ ಇನ್ಯಾರು ಕೀಳ್ತಾರೆ? ಸೋಮವಾರ ಸ್ವಾಮಿಗಳ ಪಾದಪೂಜೆ ಆಗ್ಲಿ. ಯಂತ್ರ ಓಡ್ಲಿ ಬಿಡ್ಲಿ, ಮಂಗಳವಾರದಿಂದ ಅವಳು ನಮ್ಮ ಹೊಸ್ಲು ತುಳಿಯಂಗಿಲ್ಲ” ಅಂದ. ಅಪ್ಪ ಒಂದು ಸಲ ಅಂದರೆ ಮುಗಿಯಿತು. ಅವ್ವ ದಡದಡ ಒಳಗೆ ಹೋದಳು.

ಕಳ್ಳಿಯನ್ನು ಕೈಯಾರೆ ಹಿಡಿಯಬೇಕು ಅಂತ ಶನಿವಾರ ಊಟ ಮುಗಿದದ್ದೇ ನಾನು ಹಿತ್ತಿಲ ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂತುಕೊಂಡೆ. ಉರಿಬಿಸಿಲು. ಕತ್ತಿನೊಳಗೆಲ್ಲ ಹುಲ್ಲಿನ ತುಣುಕು. ಆಗ ಹಿಂಬಾಗಿಲು ಕಿರ್ ಅಂತು. ಹನುಮಕ್ಕ! ಅತ್ತ ಇತ್ತ ನೋಡಿ ಪೀಪಾಯಿಯ ಹತ್ತಿರ ಬಂದಳು. ನಾನು ಎದ್ದು ನುಗ್ಗಬೇಕು ಅನ್ನುವಷ್ಟರಲ್ಲಿ, ಸೆರಗಿನ ಗಂಟು ಬಿಚ್ಚಿ ಒಂದು ಹೊಸ ಜಾಲಿ ಕೀಲು ತೆಗೆದು ಯಂತ್ರಕ್ಕೆ ತೂರಿಸಿದಳು. ಕಲ್ಲಿನಿಂದ ಮೆಲ್ಲಗೆ ಕುಟ್ಟಿದಳು. ಎಡಗೈಯಿಂದ ಹಿಡಿ ಹಿಡಿದು ಎರಡು ಸುತ್ತು ತಿರುವಿದಳು. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಚಕ್ರ ತಿರುಗಿದ್ದನ್ನು ನೋಡಿ ಒಬ್ಬಳೇ ನಕ್ಕಳು. ಬಂದ ಹಾಗೇ ಹೊರಟುಹೋದಳು.

ಹಾಗಾದರೆ ಕೀಳುವವರು ಯಾರು? ನಾನು ಬಾಯಿ ಮುಚ್ಚುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಅವ್ವ ಬಂದಳು. ಸೀದಾ ಪೀಪಾಯಿಯ ಹತ್ತಿರ ಹೋಗಿ, ಇಕ್ಕಳದಿಂದ ಕೀಲು ಹಿಡಿದು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅವ್ವಾ!” ಅಂತ ಕಿರುಚಿದೆ.

ಅವ್ವ ಬೆಚ್ಚಿ ಇಕ್ಕಳ ಕಾಲಮೇಲೆ ಹಾಕಿಕೊಂಡಳು. “ಕೂಗಬ್ಯಾಡ ಲೇ, ನಿಮ್ಮಪ್ಪ ಮಲಗೈತೆ. ಅಲ್ಲೇನ್ ಮಾಡ್ತಿದ್ದೀಯ, ದನದಂಗೆ ಹುಲ್ಲಾಗೆ?”

“ನಾನು ಅಲ್ಲಿ ಏನಾದ್ರೂ ಮಾಡ್ಲಿ, ನೀನು ಇಲ್ಲೇನ್ ಮಾಡ್ತಿದ್ದೀಯ? ಹದಿನೈದು ದಿನದಿಂದ ಒದ್ದಾಡ್ತಾ ಇದ್ದೀನಿ ನಾನು!”

ಅವ್ವ ಒಗೆಯುವ ಕಲ್ಲಿನ ಮೇಲೆ ಕೂತಳು. “ಇದು ಓಡಿದ್ರೆ ಹನುಮಕ್ಕ ಎಲ್ಲಿಗೆ ಹೋಗ್ಬೇಕೋ?” ಅಂದಳು. ಕಣ್ಣು ತುಂಬಿದ್ದವು. “ನಾನು ಈ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ. ನಿಮ್ಮಜ್ಜಿ ಹೆದರಿಕೆಗೆ ಅಳಾಕೂ ಆಗ್ತಿರ್ಲಿಲ್ಲ. ಹನುಮಕ್ಕ ತಂಗಿ ಮನೆಗೆ ಅಂತ ಹೊಸದುರ್ಗಕ್ಕೆ ನಡ್ಕಂಡು ಹೋಗೋಳು. ಬರೋವಾಗ ನಮ್ಮವ್ವನ ಹಳೇ ಸೀರೆ ಒಂದನ್ನ ಬಟ್ಟೆ ಗಂಟಿನಾಗೆ ಬಚ್ಚಿಟ್ಕಂಡು ತಂದು ಕೊಡೋಳು, ಒಗೀದಂಗೆ. ಅದನ್ನ ಮೂಸ್ಕಂಡು ಮಲಗಿದ್ರೆ ನಿದ್ದೆ ಬರ್ತಿತ್ತು. ಅಂಥೋಳನ್ನ ನಿಮ್ಮಪ್ಪ ಬರಬ್ಯಾಡ ಅಂತೈತೆ. ಇದು ಓಡ್ದಿದ್ರೆ ತಾನೇ ಮತ್ತೆ ಕರೆಸ್ತೈತೆ ಅಂತ ಯಂತ್ರ ಕೆಡಿಸ್ದೆ, ಇನ್ನೇನು ಮಾಡ್ಲಿ?”

ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. “ಅವ್ವಾ, ಆ ಜಾಲಿ ಕೀಲು ಮಾಡಿ ಹಾಕ್ತಿರೋಳು ಹನುಮಕ್ಕನೇ” ಅಂದೆ. ಅವ್ವ ನಂಬಲಿಲ್ಲ. ನಾನು ಓಡಿಹೋಗಿ, ಬೀದಿಯ ತಿರುವಿನಲ್ಲಿ ಕತ್ತೆ ಬಿಚ್ಚುತ್ತಿದ್ದ ಹನುಮಕ್ಕನನ್ನು ಕರೆದುಕೊಂಡು ಬಂದೆ.

ಅವ್ವನ ಕೈಯಲ್ಲಿ ಕೀಲು ನೋಡಿ ಹನುಮಕ್ಕನಿಗೆ ಎಲ್ಲ ಅರ್ಥವಾಯಿತು. “ನೀವಾ ಅವ್ವಾರೆ ಕೀಳ್ತಿದ್ದೋರು? ನಾನು ಎಷ್ಟು ಜಾಲಿ ಕೊಂಬೆ ಕಡಿದೆ!” ಅಂತ ಹಣೆ ಚಚ್ಚಿಕೊಂಡಳು. ಆಮೇಲೆ ದನಿ ಇಳಿಸಿ ಹೇಳಿದಳು: “ವರ್ಷ ಆಗ್ತಾ ಬಂತು ಅವ್ವಾರೆ, ಈ ರಟ್ಟೆ ಮ್ಯಾಕೆ ಏಳಲ್ಲ. ಕಲ್ಲಿಗೆ ಬಟ್ಟೆ ಎತ್ತಿ ಒಗೆಯಾಕೆ ಬರಲ್ಲ. ಸುಮ್ನೆ ನೀರಾಗೆ ಜಾಲಿಸಿ ತಂದು ಕೊಡ್ತಿದ್ದೆ. ಇದನ್ನ ಕಂಡಾಗ ಜೀವ ಬಂದಂಗಾತು. ಇದು ಓಡಿದ್ರೆ ಯಜಮಾನ್ರ ಕಾಲಿಗೆ ಬಿದ್ದು, ನಾನೇ ತಿರುವ್ತೀನಿ ಅನ್ನಾಣ ಅಂದ್ಕಂಡಿದ್ದೆ. ಇದು ನೋಡಿದ್ರೆ ದಿನಾ ಕೆಡ್ತೈತೆ.”

“ನಿನ್ನ ಕೈ ವಿಷ್ಯ ನನಗೆ ಗೊತ್ತಿತ್ತು” ಅಂದಳು ಅವ್ವ.

“ಗೊತ್ತಿತ್ತಾ?”

“ನೀ ತಂದ ಬಟ್ಟೆ ಮತ್ತೆ ಒಗೀತಿದ್ದೋಳು ಯಾರು ಅಂದ್ಕಂಡೀಯ? ಅವರು ಅಂಗಡಿಗೆ ಹೋಗಿ ಇವನು ಮಲಗಿದ್ಮ್ಯಾಲೆ ದಿನಾ ಮಧ್ಯಾಹ್ನ ಇದೇ ಕಲ್ಲಮ್ಯಾಲೆ ಕುಕ್ತಿದ್ದೆ.”

ಅವ್ವನ ಕೈ ಯಾಕೆ ಒಡೆದಿತ್ತು ಅನ್ನುವುದು ನನಗೆ ಆಗ ಗೊತ್ತಾಯಿತು. ಆ ಕೈ ನೋಡಿಯೇ ಅಪ್ಪ ಪೀಪಾಯಿ ತಂದಿದ್ದ, ಪೀಪಾಯಿ ಬಂದದ್ದರಿಂದಲೇ ಹನುಮಕ್ಕನಿಗೆ ಕುತ್ತು ಬಂದಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು, ಮಧ್ಯೆ ಮಧ್ಯೆ ನಕ್ಕರು. ನಾನು ತಿರುಪುಳಿ ಹಿಡಿದು ಪೆದ್ದನ ಹಾಗೆ ನಿಂತಿದ್ದೆ. ಇವತ್ತೇ ಅಪ್ಪನಿಗೆ ಎಲ್ಲ ಹೇಳಿಬಿಡೋಣ ಅಂದೆ. ಹನುಮಕ್ಕ ಕೈಮುಗಿದಳು. “ಬ್ಯಾಡಪ್ಪ. ಕೈ ಹೋಗೈತೆ ಅಂತ ಗೊತ್ತಾದ್ರೆ ನನ್ನ ಮೈದುನನ ಮಗ ಕಾಯ್ಕಂಡು ಕುಂತವ್ನೆ. ನಡೆಮಡಿ ನಾನು ಹಾಸ್ತೀನಿ ಅಂತ ನಾಳೇನೇ ಬರ್ತಾನೆ. ಸೋಮವಾರದ್ದು ಒಂದು ಹೆಂಗೋ ಹಾಸ್ತೀನಿ. ಹಾಸಿದ್ಮ್ಯಾಲೆ ಕೇಳ್ಕಂತೀನಿ.”

ಸೋಮವಾರ ಬಂತು. ಬೀದಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ವಾಲಗದವರು ಮುಂದೆ, ಸ್ವಾಮಿಗಳು ಹಿಂದೆ. ಅಪ್ಪ ತುಂಬಿದ ತಾಮ್ರದ ಬಿಂದಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಹನುಮಕ್ಕ ಮೊದಲ ಬಟ್ಟೆಯನ್ನು ಬಗ್ಗಿಕೊಂಡೇ ಚೆನ್ನಾಗಿ ಹಾಸಿದಳು. ಸ್ವಾಮಿಗಳು ಅದರ ಮೇಲೆ ನಡೆದು ತುದಿಗೆ ಬಂದರು. ಎರಡನೆಯದನ್ನು ಅವರ ಮುಂದಕ್ಕೆ ಬೀಸಬೇಕು. ಹನುಮಕ್ಕ ಬೀಸಿದಳು. ಬಲಗೈ ಎದೆಯ ಮಟ್ಟಕ್ಕೂ ಏಳಲಿಲ್ಲ. ಬಟ್ಟೆ ಮುದ್ದೆಯಾಗಿ ಮಣ್ಣಿಗೆ ಬಿತ್ತು. ಎತ್ತಿ ಕೊಡವಿ ಮತ್ತೆ ಬೀಸಿದಳು, ಮತ್ತೆ ಬಿತ್ತು. ಸ್ವಾಮಿಗಳು ಎತ್ತಿದ ಒಂದು ಪಾದ ಹಾಗೇ ಹಿಡಿದು ನಿಂತರು. ವಾಲಗ ನಿಂತಿತು.

ಗುಂಪಿನಿಂದ ಅವಳ ಮೈದುನನ ಮಗ ಮುಂದೆ ಬಂದ. “ಬಿಡು ದೊಡ್ಡವ್ವ, ನಿನ್ನ ಕೈಲಾಗಲ್ಲ. ನಾನು ಹಾಸ್ತೀನಿ” ಅಂತ ಕೈ ಚಾಚಿದ. ಹನುಮಕ್ಕ ಬಟ್ಟೆಯನ್ನು ಎದೆಗೆ ಅವಚಿಕೊಂಡಳು. ಅವಳು ಆಗ ನೋಡಿದ ನೋಟ ಇವತ್ತಿಗೂ ನನಗೆ ಸಂಕಟ ತರುತ್ತದೆ.

ಹೊಸ್ತಿಲಿನಿಂದ ಅವ್ವ ಇಳಿದಳು. ತಲೆತುಂಬ ಸೆರಗು ಹೊದ್ದು, ಅಪ್ಪನ ಪಕ್ಕದಲ್ಲೇ ಹಾದು, ಬೀದಿಗೆ ಬಂದಳು. “ಒಂದು ತುದಿ ಕೊಡು” ಅಂದಳು.

“ಅವ್ವಾರೆ, ಬ್ಯಾಡ್ರಿ, ಜನ…”

“ಕೊಡೇ.”

ಸಾಹುಕಾರರ ಹೆಂಡತಿ ನಡೆಮಡಿ ಹಾಸುವುದನ್ನು ಹೊಳಲ್ಕೆರೆ ಕಂಡಿರಲಿಲ್ಲ. ಜನ ಗುಸುಗುಸು ಅಂದರು. ಯಾರೋ ‘ಶಿವಶಿವಾ’ ಅಂದರು. ಸ್ವಾಮಿಗಳು ಇಬ್ಬರನ್ನೂ ಒಂದು ಗಳಿಗೆ ನೋಡಿ, “ಹಾಸ್ರಮ್ಮ, ಬಿಸಿಲು ಏರ್ತಾ ಐತೆ” ಅಂದು ಪಾದ ಇಟ್ಟರು. ವಾಲಗ ಮತ್ತೆ ಶುರುವಾಯಿತು. ಒಂದು ತುದಿ ಅವ್ವ, ಒಂದು ತುದಿ ಹನುಮಕ್ಕ ಹಿಡಿದು, ಎತ್ತಿ ಹಾಸುತ್ತಾ ಹೊಸ್ತಿಲವರೆಗೆ ಬಂದರು. ಅಲ್ಲಿ ಅವರು ಕೊನೆಯ ಸಲ ಬಟ್ಟೆ ಬಿಡಿಸುವಾಗ, ನಾಲ್ಕು ಕೈಯೂ ಅಪ್ಪನ ಕಾಲ ಬುಡದಲ್ಲೇ ಇದ್ದವು. ಬಿರುಕು ನೋಡಿದರೆ ಯಾವುದು ಯಾರ ಕೈ ಅಂತ ಹೇಳುವ ಹಾಗಿರಲಿಲ್ಲ. ಅಪ್ಪ ಸ್ವಾಮಿಗಳ ಪಾದಕ್ಕೆ ನೀರು ಹಾಕುವುದನ್ನು ಮರೆತು ಆ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟ. ನಾನು ಮೊಣಕೈಯಿಂದ ತಿವಿಯಬೇಕಾಯಿತು.

ಪೂಜೆ, ಪ್ರಸಾದ ಎಲ್ಲ ಮುಗಿದು, ಸ್ವಾಮಿಗಳು ಹೊರಟ ಮೇಲೆ ಅಪ್ಪ ಹನುಮಕ್ಕನನ್ನು ಅಂಗಳಕ್ಕೆ ಕರೆಸಿದ. ಅವಳು ನಡೆಮಡಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ನಿಂತಳು. ಮಂಗಳವಾರದಿಂದ ಹೊಸ್ತಿಲು ತುಳಿಯುವ ಹಾಗಿಲ್ಲ ಅಂದ ಮಾತು ನಮಗೆಲ್ಲ ನೆನಪಿತ್ತು.

“ಕೈ ಯಾವಾಗಿಂದ ಹಂಗೆ?” ಅಂದ ಅಪ್ಪ.

“ವರ್ಷ ಆತು ಯಜಮಾನ್ರೆ.”

“ಮತ್ತೆ ನಮ್ಮ ಬಟ್ಟೆ ಒಗೀತಿದ್ದೋರು ಯಾರು?”

ಅವ್ವ ಮುಂದೆ ಬಂದು, ಸೊಂಟದಿಂದ ಒಂದು, ಎರಡು, ಮೂರು, ನಾಲ್ಕು ಕೀಲು ತೆಗೆದು ಅಪ್ಪನ ಮುಂದೆ ಜಗಲಿಯ ಮೇಲೆ ಇಟ್ಟಳು. ಎರಡು ಕಬ್ಬಿಣದ್ದು, ಎರಡು ಜಾಲಿಯದ್ದು. ಬಟ್ಟೆ ಒಗೆಯುತ್ತಿದ್ದದ್ದೂ ಯಂತ್ರ ಕೆಡಿಸಿದ್ದೂ ತಾನು, ಸರಿಮಾಡುತ್ತಿದ್ದವಳು ಹನುಮಕ್ಕ ಅಂತ ಎರಡೇ ಮಾತಿನಲ್ಲಿ ಹೇಳಿದಳು. ಅಪ್ಪ ಕೀಲುಗಳನ್ನು ನೋಡಿದ, ಅವ್ವನ ಕೈ ನೋಡಿದ, ನನ್ನನ್ನೂ ಒಂದು ಸಲ ನೋಡಿದ. ಆ ನೋಟದಲ್ಲಿ ನಾನು ಮೂರನೇ ಸಲ ನಪಾಸಾದೆ.

“ಯಂತ್ರ ತಿರುವಾಕೆ ಎಷ್ಟು ಕೈ ಬೇಕು?” ಅಂತ ಹನುಮಕ್ಕನನ್ನು ಕೇಳಿದ.

“ಒಂದು ಸಾಕು ಯಜಮಾನ್ರೆ. ಎಡಗೈಯಾಗೇ ತಿರುವಿ ನೋಡೀನಿ.”

ಅಪ್ಪ ಒಂದು ಕಬ್ಬಿಣದ ಕೀಲು ಎತ್ತಿ ಅವಳ ಎಡಗೈಗೆ ಇಟ್ಟ. “ಹಂಗಾದ್ರೆ ನಾಳೆ ಬೆಳಿಗ್ಗೆ ಬಾ. ಕೀಲು ನಿನ್ನ ಹತ್ರಾನೇ ಇರ್ಲಿ, ಈ ಮನ್ಯಾಗೆ ಯಾರನ್ನೂ ನಂಬಾಕಾಗಲ್ಲ.”

ಅಷ್ಟು ಹೊತ್ತು ಬಿಗಿಹಿಡಿದುಕೊಂಡಿದ್ದ ಹನುಮಕ್ಕನಿಗೆ ಅಳು ಒತ್ತರಿಸಿ ಬಂತು. ಕಂಕುಳಲ್ಲಿದ್ದ ಬಟ್ಟೆ ತೆಗೆದು ಗಳಗಳ ಅಳುತ್ತಾ ಮುಖ ಒರೆಸಿಕೊಂಡಳು. ಒರೆಸಿದ ಮೇಲೆ ಅದು ನಡೆಮಡಿ, ಸ್ವಾಮಿಗಳ ಪಾದ ಸೋಕಿದ್ದು ಅಂತ ಗೊತ್ತಾಗಿ, ಅಜ್ಜಿಯ ಕಡೆ ನೋಡಿದಳು. ಮಡಿ ವಿಷಯದಲ್ಲಿ ಅಜ್ಜಿ ಯಾರನ್ನೂ ಬಿಟ್ಟವಳಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಜ್ಜಿ ತನ್ನ ಕಣ್ಣನ್ನೂ ಸೆರಗಿನಲ್ಲಿ ಒತ್ತಿಕೊಂಡು ಗದರಿದಳು:

“ಒರೆಸ್ಕಳೇ, ಒರೆಸ್ಕ. ಹೆಂಗೂ ನಾಳೆ ಒಗೆಯೋಳು ನೀನೇ ಅಲ್ವಾ?”